ಕಾರಣ ಹೇಳಿ ಬ್ಯಾಗ್ ಇಳಿಸಿ

ಕಂಪ್ಯೂಟರ್ ರಿಪೇರಿಯ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವ ಮಕ್ಕಳೇ, ನನಗೆ ಯಾವಾಗ ಯಾವ ಬಡ್ತಿ ಸಿಕ್ಕಿತು ಎಂದು ಮಾತ್ರ ಕೇಳಬೇಡಿ. ನೆನಪಿಲ್ಲ. ಆ ಕಾಗದಗಳೆಲ್ಲ ಅಟ್ಟದ ಮೇಲೆ ಎಲ್ಲೋ ಬಿದ್ದಿವೆ. ಆದರೆ ಒಂದು ಕಂದು ಬಣ್ಣದ ರೆಕ್ಸಿನ್ ಬ್ಯಾಗು ಇವತ್ತಿಗೂ ನನ್ನ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಪಕ್ಕದಲ್ಲೇ ಇದೆ. ಜಿಪ್ಪು ಕಿತ್ತುಹೋಗಿದೆ, ಹಿಡಿಕೆಗೆ ಚಪ್ಪಲಿ ಹೊಲಿಯುವವನ ಕೈಲಿ ಹೊಲಿಗೆ ಹಾಕಿಸಿದ್ದೇನೆ. ನನ್ನ ಸೊಸೆ ಅದನ್ನು ಹಳೇ ಸಾಮಾನಿನವನಿಗೆ ಹಾಕಲು ಹೋಗಿ ನನ್ನಿಂದ ಸರಿಯಾಗಿ ಬೈಸಿಕೊಂಡಿದ್ದಾಳೆ. ಆ ಬ್ಯಾಗು ನನ್ನ ಹೆಗಲಿಗೆ ಬಂದ ಕಥೆ ಹೇಳಿದರೆ ನಮ್ಮ ಕೆಲಸ ಎಂಥದ್ದು ಎಂಬುದು ನಿಮಗೆ ಅರ್ಧಕ್ಕರ್ಧ ತಿಳಿದಂತೆಯೇ. ನೆನೆಸಿಕೊಂಡು ನಗುತ್ತಾ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಸಹಿಸಿಕೊಳ್ಳಿ.

ಎಂಬತ್ತರ ದಶಕದ ನಡುಭಾಗ. ಪೀಣ್ಯದಲ್ಲಿ ಒಂದು ತಗಡಿನ ಶೆಡ್ಡು. ಎಡಕ್ಕೆ ಕಬ್ಬಿಣದ ತಗಡು ಒತ್ತುವ ಪ್ರೆಸ್ಸು, ಬಲಕ್ಕೆ ನಿಕಲ್ ಪಾಲಿಶ್ ಮಾಡುವವರು, ನಡುವೆ ಕಂಪ್ಯೂಟರ್ ಜೋಡಿಸುವ ನಾವು. ಪ್ರೆಸ್ಸು ಒಂದು ಏಟು ಹಾಕಿದರೆ ನಮ್ಮ ಮೇಜಿನ ಮೇಲಿನ ಟೀ ಲೋಟ ತಾನಾಗಿ ಒಂದಿಷ್ಟು ಜರುಗುತ್ತಿತ್ತು. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಮಾದನಾಯಕನಹಳ್ಳಿಯಿಂದ ತುಮಕೂರು ರಸ್ತೆಯ ಬಸ್ಸಿನಲ್ಲಿ ನೇತಾಡಿಕೊಂಡು ಬರುತ್ತಿದ್ದೆ. ನನ್ನ ಕೆಲಸ ಮೆಮೊರಿ ಚಿಪ್ಪುಗಳ ಪರೀಕ್ಷೆ. ಮೆಮೊರಿ ಎಂದರೆ ಲೆಕ್ಕವಿಲ್ಲದಷ್ಟು ಪುಟ್ಟ ಖಾನೆಗಳು. ಖಾನೆಯಲ್ಲಿ ಏನಿಟ್ಟೆವೋ ಅದನ್ನೇ ವಾಪಸ್ ಕೊಡಬೇಕು. ಬೇರೇನಾದರೂ ಕೊಟ್ಟರೆ ಆ ಚಿಪ್ಪು ಡಬ್ಬಕ್ಕೆ. ಒಮ್ಮೆ ಮನೆಗೆ ಒಂದು ಕೆಟ್ಟ ಚಿಪ್ಪು ಒಯ್ದು ನಮ್ಮಮ್ಮನಿಗೆ ತೋರಿಸಿದ್ದೆ. ಅವಳು ತಿರುಗಿಸಿ ನೋಡಿ, "ಈ ಕಪ್ಪು ಉಳದ ಕಾಲು ಎಣಿಸೋಕೆ ಅಷ್ಟು ವರ್ಸ ಓದಿದ್ಯಾ? ಅಂಗಾದ್ರೆ ನಾನೂ ಬತ್ತಿದ್ನಲ್ಲೇ," ಎಂದಳು.

ಮೇಜಿನ ಕೆಲಸ ಹುಡುಗಿಯರದ್ದು, ಹೊರಗೆ ಹೋಗಿ ರಿಪೇರಿ ಮಾಡುವ ಕೆಲಸ ಗಂಡಸರದ್ದು. ಹಾಗೆಂದು ಯಾರೂ ಬರೆದಿಟ್ಟಿರಲಿಲ್ಲ, ಆದರೂ ಇತ್ತು. ಹೊರಗೆ ಹೋಗುವವರಿಗೆ ಈ ಕಂದು ಬ್ಯಾಗು. ಬಾಗಿಲ ಪಕ್ಕದ ಮೊಳೆಗಳಿಗೆ ಸಾಲಾಗಿ ನೇತುಹಾಕಿರುತ್ತಿದ್ದರು. ಕೊನೆಯ ಮೊಳೆಯ ಬ್ಯಾಗಿನವನು ಕೆಲಸ ಬಿಟ್ಟು ದುಬೈಗೆ ಹೋಗಿದ್ದ. ಆ ಬ್ಯಾಗು ಸುಮ್ಮನೆ ಧೂಳು ಹಿಡಿಯುತ್ತಿತ್ತು. ನನಗೆ ಅದು ಬೇಕಿತ್ತು. ಚಿನ್ನದ ಸರ ಬೇಕು ಅನ್ನಿಸದ ವಯಸ್ಸಿನಲ್ಲಿ ನನಗೆ ಆ ಬ್ಯಾಗು ಬೇಕು ಅನ್ನಿಸುತ್ತಿತ್ತು.

ನಮ್ಮ ಮಾಲೀಕರು ಶೇಷಗಿರಿ ಸಾರ್ ಒಂದು ಪದ್ಧತಿ ಇಟ್ಟಿದ್ದರು. ರಿಪೇರಿಗೆ ಹೋಗಿ ಬಂದವರು ಟೀ ಹೊತ್ತಿನಲ್ಲಿ ಎಲ್ಲರ ಮುಂದೆ ನಿಂತು ಯಂತ್ರ ಯಾಕೆ ಕೆಟ್ಟಿತ್ತು ಎಂದು ಬಾಯಿಬಿಟ್ಟು ಹೇಳಬೇಕು. ಹೇಳಿದ ಮೇಲೆಯೇ ಬ್ಯಾಗನ್ನು ಹೆಗಲಿನಿಂದ ಇಳಿಸಿ ಮೊಳೆಗೆ ಹಾಕಬಹುದು. ಕಾರಣ ಗೊತ್ತಿಲ್ಲದಿದ್ದರೆ ಬ್ಯಾಗು ಹೊತ್ತುಕೊಂಡೇ ಟೀ ಕುಡಿದು ವಾಪಸ್ ಹೋಗಬೇಕು. ನಮ್ಮ ಸರ್ವಿಸ್ ಇಂಜಿನಿಯರ್ ಮುನಿರಾಜು ಒಂದು ಸಲ ಒಂದೇ ಯಂತ್ರಕ್ಕಾಗಿ ವಾರವಿಡೀ ಬ್ಯಾಗು ಹೊತ್ತು ಟೀ ಕುಡಿದಿದ್ದ. ಅವನ ಒಂದು ಹೆಗಲು ಇಳಿಬಿದ್ದಿರುವುದು ಅದರಿಂದಲೇ ಎಂದು ನಾವೆಲ್ಲ ರೇಗಿಸುತ್ತಿದ್ದೆವು.

ನನ್ನ ಸಾಧನೆಯೂ ಕಡಿಮೆ ಇರಲಿಲ್ಲ. ಚಿಪ್ಪಿನ ಒಂದು ತುದಿಯಲ್ಲಿ ಸಣ್ಣ ಕಚ್ಚು ಇರುತ್ತದೆ. ಆ ಕಚ್ಚು ಸರಿಯಾದ ದಿಕ್ಕಿಗೆ ಬರುವಂತೆ, ಅದರ ಕಾಲುಗಳನ್ನು ಹಿಡಿದುಕೊಳ್ಳುವ ತೂತುಗಳ ಸಾಕೆಟ್ಟಿಗೆ ಕೂರಿಸಬೇಕು. ಸೇರಿದ ಹೊಸದರಲ್ಲಿ ನಾನು ಒಂದನ್ನು ತಿರುಗಾಮುರುಗಾ ಹಾಕಿ ಕರೆಂಟ್ ಕೊಟ್ಟೆ. ಅದು ಸುಟ್ಟು, ಬೆರಳಿಗೆ ಬೊಬ್ಬೆ ಬಂದು, ಶೆಡ್ಡೆಲ್ಲ ಗಬ್ಬು ನಾತ. ಎದ್ದು ನಿಂತು, "ಚಿಪ್ಪು ಕೆಟ್ಟಿದ್ದು ನನ್ನಿಂದ ಸಾರ್," ಎಂದು ಟೀ ಮೇಜಿನ ಬಳಿ ಕಾರಣ ಹೇಳಿದೆ. ಶೇಷಗಿರಿ ಸಾರ್ ಬೈಯಬೇಕೆಂದು ಬಾಯಿ ತೆರೆದವರು ನಕ್ಕುಬಿಟ್ಟರು.

ಈಗ ವಿಷಯಕ್ಕೆ ಬರುತ್ತೇನೆ. ಶೇಷಗಿರಿ ಸಾರ್‌ಗೆ ಜಗತ್ತಿನಲ್ಲಿ ಭಯ ಇದ್ದದ್ದು ಒಬ್ಬರ ಬಗ್ಗೆ ಮಾತ್ರ. ಅವರ ಭಾವ, ಅಂದರೆ ಅಕ್ಕ ಗಿರಿಜಮ್ಮನವರ ಗಂಡ ಚಂದ್ರಶೇಖರಯ್ಯನವರು. ಜಾಲಹಳ್ಳಿ ಕಡೆಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಫೋರ್‌ಮನ್, ಅಲ್ಲೇ ಕಾಲೊನಿಯಲ್ಲಿ ಕ್ವಾರ್ಟರ್ಸು. ಈ ಮಹಾನುಭಾವರು ಮನೆಯಲ್ಲೇ ಸ್ವಂತ ಕೈಯಿಂದ ಕಂಪ್ಯೂಟರ್ ಕಟ್ಟಿದ್ದರು. ಎಸ್.ಪಿ. ರೋಡಿನ ಗುಜರಿಯಲ್ಲಿ ಒಂದೊಂದೇ ಚಿಪ್ಪು ಆರಿಸಿ ತಂದು, ಹಳೇ ಟೆಲಿಪ್ರಿಂಟರಿನ ಕೀಲಿಮಣೆ ಕೂಡಿಸಿ, ಮನೆಯ ಟಿವಿಯನ್ನೇ ಪರದೆ ಮಾಡಿ, ತೇಗದ ರೇಡಿಯೋ ಪೆಟ್ಟಿಗೆಯೊಳಗೆ ಎಲ್ಲವನ್ನೂ ತುಂಬಿದ್ದರು. ಅದಕ್ಕಿಂತ ದೊಡ್ಡ ಕೆಲಸ, ಚುಕ್ಕಿ ಚುಕ್ಕಿ ಇಟ್ಟು ಕನ್ನಡದ ಅಕ್ಷರಗಳನ್ನು ತಾವೇ ಬಿಡಿಸಿ ಅದರೊಳಗೆ ಸೇರಿಸಿದ್ದರು. ಕಾಲೊನಿಯ ರಾಜ್ಯೋತ್ಸವದ ದಿನ ವೇದಿಕೆಯ ಮೇಲೆ ಟಿವಿಯಲ್ಲಿ ಕನ್ನಡ ಬರೆದು ತೋರಿಸುತ್ತೇನೆ ಎಂದು ಊರಿಗೆಲ್ಲ ಸಾರಿಬಿಟ್ಟಿದ್ದರು. ಆಹ್ವಾನ ಪತ್ರಿಕೆಯೂ ಅಚ್ಚಾಗಿತ್ತು.

ಆದರೆ ಮೆಮೊರಿ ಕೈಕೊಟ್ಟಿತು. ಬೆಳಿಗ್ಗೆ ಅಕ್ಷರಗಳು ಸರಿಯಾಗಿ ಬರುತ್ತಿದ್ದವು. ಸ್ವಲ್ಪ ಹೊತ್ತು ಕಳೆದರೆ ಚುಕ್ಕಿಗಳು ಅಲ್ಲೊಂದು ಇಲ್ಲೊಂದು ಉದುರಿ, ಕೋಳಿ ಕೆದರಿದ ರಂಗೋಲಿಯಾಗುತ್ತಿತ್ತು. ನಮ್ಮ ಗಂಡಸರು ಒಬ್ಬೊಬ್ಬರಾಗಿ ಹೋಗಿ ಓಡಿಬಂದರು. ಯಂತ್ರಕ್ಕೆ ಹೆದರಿ ಅಲ್ಲ. ಚಂದ್ರಶೇಖರಯ್ಯನವರು ಪ್ರತಿಯೊಂದು ವೈರಿನ ಜನ್ಮವೃತ್ತಾಂತ ಹೇಳುತ್ತಿದ್ದರು. ಕೇಳಿಸಿಕೊಳ್ಳದೆ ಸ್ಕ್ರೂಡ್ರೈವರ್ ಎತ್ತಿದರೆ ಸಿಟ್ಟು. ಕೊನೆಗೆ ಶೇಷಗಿರಿ ಸಾರ್ ನನ್ನ ಮೇಜಿನ ಹತ್ತಿರ ಬಂದು, ತಗ್ಗಿದ ದನಿಯಲ್ಲಿ ಹೇಳಿದರು: "ಪದ್ಮಾ, ನಮ್ಮ ಭಾವನ ಮಿಷಿನ್ ಸರಿ ಮಾಡಿ, ಇಲ್ಲಿ ಬಂದು ಕಾರಣ ಹೇಳಮ್ಮ. ಕೊನೇ ಮೊಳೆ ಬ್ಯಾಗು ನಿಂದು."

ಅವತ್ತು ನಾನು ಬಸ್ಸಿನಲ್ಲಿ ಕೂತಿದ್ದೆನೋ ತೇಲುತ್ತಿದ್ದೆನೋ ದೇವರೇ ಬಲ್ಲ. ಬ್ಯಾಗು ಇನ್ನೂ ನನ್ನದಲ್ಲವಾದ್ದರಿಂದ ಉಪಕರಣಗಳನ್ನೆಲ್ಲ ನಮ್ಮಮ್ಮ ಸಂತೆಗೆ ಒಯ್ಯುವ ವೈರ್ ಬುಟ್ಟಿಯಲ್ಲಿ ತುಂಬಿಕೊಂಡು ಹೋದೆ. ಬಾಗಿಲು ತೆರೆದ ಗಿರಿಜಮ್ಮನವರು ನನ್ನನ್ನು ಸೊಪ್ಪು ಮಾರುವವಳೆಂದುಕೊಂಡು, ದಂಟು ಇದೆಯಾ ಎಂದು ಕೇಳಿದರು. ಯಂತ್ರ ನೋಡಲು ಬಂದವಳು ಎಂದು ತಿಳಿದ ಮೇಲೆ ನಕ್ಕಿದ್ದೇ ನಕ್ಕಿದ್ದು. ದುಂಡು ಮುಖ, ಫಳಫಳ ಮೂಗುಬಟ್ಟು. ಮನೆಯೂ ಹಾಗೇ, ಹಿತ್ತಾಳೆ ತಾಮ್ರಗಳಲ್ಲಿ ಮುಖ ನೋಡಿಕೊಳ್ಳಬಹುದಿತ್ತು.

ಚಂದ್ರಶೇಖರಯ್ಯನವರು ವೈರುಗಳ ವೃತ್ತಾಂತ ಶುರುಮಾಡಿದರು. ನಾನು ಪೂರ್ತಿ ಕೇಳಿದೆ. ನಿಜ ಹೇಳಬೇಕೆಂದರೆ ನನಗೆ ಬಹಳ ಸೊಗಸೆನಿಸಿತು. "ಹಬ್ಬದವರೆಗೆ ಬಂಗಾರದ ಹಾಗಿತ್ತಮ್ಮ, ಯಾರ ದೃಷ್ಟಿ ಬಿತ್ತೋ," ಎಂದರು. ದೃಷ್ಟಿಯ ಮಾತಿಗೆ ನಾನು ಮನಸ್ಸಿನಲ್ಲೇ ನಕ್ಕೆ. ಹಬ್ಬದವರೆಗೆ ಎಂಬ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಲ್ಲಿ ಎಡವಿದೆ ನೋಡಿ.

ಖಾನೆಗಳಿಗೆಲ್ಲ ಒಂದೇ ಗುರುತು ತುಂಬಿ ವಾಪಸ್ ಓದಿಸುವ ಪರೀಕ್ಷೆ ನಡೆಸಿದೆ. ಚಿಪ್ಪುಗಳು ಎರಡು ಸಾಲಿನಲ್ಲಿದ್ದವು. ಮೊದಲ ಸಲ ಮೂರನೆಯದು ತಪ್ಪು ಹೇಳಿತು. ತೆಗೆದು ಬೇರೆಯದು ಹಾಕಿದರೆ ಆರನೆಯದು ತಪ್ಪು ಹೇಳಿತು. ಅದನ್ನು ಬದಲಿಸಿದರೆ ಮತ್ತೆ ಮೂರನೆಯದೇ. ವೋಲ್ಟೇಜು ಅಳೆದೆ, ಸರಿಯಿತ್ತು. ಬಿಸಿ ಹೆಚ್ಚಾಯಿತೇನೋ ಎಂದು ಟೇಬಲ್ ಫ್ಯಾನ್ ಇಟ್ಟೆ. ಒಂದು ಗಳಿಗೆ ಸುಮ್ಮನಿದ್ದು ಮತ್ತೆ ಅದೇ ಆಟ. ಚಿಪ್ಪಿನ ಬೆನ್ನನ್ನು ಬೆರಳಿನಿಂದ ಒತ್ತಿದರೆ ಅಕ್ಷರ ಸರಿಯಾಗುತ್ತಿತ್ತು, ಬೆರಳು ತೆಗೆದರೆ ಉದುರುತ್ತಿತ್ತು. ಗುಜರಿ ಮಾಲು, ಚಿಪ್ಪುಗಳೇ ಸತ್ತಿವೆ ಎಂದು ತೀರ್ಮಾನಿಸಿದೆ. ಮರುದಿನ ನಮ್ಮ ಶೆಡ್ಡಿನಲ್ಲಿ ನಾನೇ ಪರೀಕ್ಷೆ ಮಾಡಿದ ಹೊಸ ಚಿಪ್ಪುಗಳನ್ನು ಒಯ್ದು ಪೂರಾ ಎರಡು ಸಾಲು ಬದಲಿಸಿದೆ. ಯಂತ್ರ ಮಧ್ಯಾಹ್ನದವರೆಗೆ ಒಂದು ಚುಕ್ಕಿಯೂ ಬಿಡದೆ ನಡೆಯಿತು.

ಟೀ ಹೊತ್ತಿಗೆ ಓಡಿಬಂದು, "ಎಸ್.ಪಿ. ರೋಡಿನ ಚಿಪ್ಪು ಕೆಟ್ಟಿದ್ವು ಸಾರ್," ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಶೇಷಗಿರಿ ಸಾರ್ ಬ್ಯಾಗಿನ ಧೂಳು ಒರೆಸಿ ನನ್ನ ಹೆಗಲಿಗೆ ಹಾಕಿದರು. ನಮ್ಮ ಹುಡುಗಿಯರು ಚಪ್ಪಾಳೆ ತಟ್ಟಿದರು. ಮನೆಗೆ ಒಯ್ದೆ, ಅಮ್ಮನಿಗೆ ತೋರಿಸಿದೆ, ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದೆ. ಬೆಳಿಗ್ಗೆ ಶೆಡ್ಡಿಗೆ ಹೋಗುವಷ್ಟರಲ್ಲಿ ಭಾವನ ಫೋನು ಬಂದಿತ್ತು. ಚುಕ್ಕಿಗಳು ಮತ್ತೆ ಉದುರುತ್ತಿದ್ದವು. ಬ್ಯಾಗು ಮೊಳೆಗೆ ಹೋಯಿತು. ಮುನಿರಾಜು ನನ್ನ ಮುಖ ನೋಡಿ, "ಗುರು, ಬ್ಯಾಗು ನೆಂಟರ ಮನೆಗೆ ಬಂದು ಹೋದಂಗೆ ಬಂದು ಹೋಯ್ತಲ್ಲ," ಎಂದ. ನಗು ಬಂತು, ಅಳುವೂ ಬಂತು, ಎರಡನ್ನೂ ನುಂಗಿಕೊಂಡು ಮತ್ತೆ ವೈರ್ ಬುಟ್ಟಿ ಎತ್ತಿಕೊಂಡು ಹೊರಟೆ.

ಅವತ್ತು ಚಂದ್ರಶೇಖರಯ್ಯನವರು ಕಾರ್ಖಾನೆಗೆ ಹೋಗಿದ್ದರು. ಮನೆಯಲ್ಲಿ ಗಿರಿಜಮ್ಮನವರೊಬ್ಬರೇ. ನಾನು ಪೆಟ್ಟಿಗೆ ಬಿಚ್ಚಿ ಸುಮ್ಮನೆ ನೋಡುತ್ತಾ ಕೂತೆ. ಪರೀಕ್ಷೆಯಾದ ಹೊಸ ಚಿಪ್ಪೂ ತಪ್ಪು ಹೇಳುತ್ತಿದೆ ಎಂದರೆ ತಪ್ಪು ಚಿಪ್ಪಿನದಲ್ಲ. ತೆಗೆದಿಟ್ಟ ಹಳೇ ಚಿಪ್ಪುಗಳು ಒಂದು ಡಬ್ಬಿಯ ಮುಚ್ಚಳದಲ್ಲಿದ್ದವು. ಪಕ್ಕದ ಡ್ರಾಯರಿನಲ್ಲಿ ಯಜಮಾನರು ಅದೇ ಅಂಗಡಿಯಿಂದ ತಂದ, ಇನ್ನೂ ಬಳಸದ ಬಿಡಿ ಚಿಪ್ಪುಗಳಿದ್ದವು. ಎರಡನ್ನೂ ಅಂಗೈ ಮೇಲಿಟ್ಟು ನೋಡಿದೆ. ಆ ಕಾಲದ ಕೆಲವು ಚಿಪ್ಪುಗಳ ಕಾಲಿಗೆ ಬೆಳ್ಳಿಯ ಲೇಪ ಇರುತ್ತಿತ್ತು, ಗಾಳಿಗೆ ಕಪ್ಪಗಾಗುತ್ತಿತ್ತು. ಅದರಿಂದ ಕೆಲಸಕ್ಕೇನೂ ಅಡ್ಡಿಯಿಲ್ಲ. ಡ್ರಾಯರಿನವು ಕಪ್ಪಗಿದ್ದವು. ಪೆಟ್ಟಿಗೆಯಿಂದ ತೆಗೆದವು ಮದುವೆಗೆ ಇಟ್ಟ ಬೆಳ್ಳಿ ಚೊಂಬಿನ ಹಾಗೆ ಹೊಳೆಯುತ್ತಿದ್ದವು.

ಸಾಕೆಟ್ಟಿನ ತೂತಿಗೆ ಪಿನ್ನು ಹಾಕಿ ಕೆದಕಿದೆ. ಕಂದು ಬಣ್ಣದ ಅಂಟು, ಅದರ ಸುತ್ತ ಹಸಿರು ಕಿಲುಬು. ನೀವು ಯಾರೂ ಹೀಗೆ ಮಾಡಬೇಡಿ, ಆದರೆ ನಾನು ಮಾಡಿದೆ. ಪಿನ್ನಿನ ತುದಿಯನ್ನು ನಾಲಿಗೆಗೆ ಮುಟ್ಟಿಸಿದೆ. ಹುಳಿ. ಹುಳಿಯ ಜೊತೆ ಉಪ್ಪು. ತಲೆಯೆತ್ತಿದರೆ ಅಡುಗೆಮನೆ ಬಾಗಿಲಲ್ಲಿ ಗಿರಿಜಮ್ಮನವರು, ಅವರ ಹಿಂದೆ ಗೂಡಿನಲ್ಲಿ ಫಳಫಳ ಹೊಳೆಯುವ ದೀಪದ ಕಂಬಗಳು. ನನಗೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು.

"ಅಮ್ಮಾ, ಇದನ್ನ ಹುಣಸೆಹಣ್ಣು ಹಾಕಿ ತೊಳೆದ್ರಾ?" ಎಂದು ಕೇಳಿದೆ.

ಗಿರಿಜಮ್ಮನವರು ಬಾಗಿಲು ಮುಂದೆ ಮಾಡಿ, ಬಂದು ನನ್ನ ಪಕ್ಕ ಕೂತರು. ಆಯುಧಪೂಜೆಗೆ ಮನೆಯ ಸಾಮಾನೆಲ್ಲ ಬೆಳಗಿದ್ದರಂತೆ. ಕತ್ತರಿ, ಈಳಿಗೆಮಣೆ, ಸೈಕಲ್ಲು ಎಲ್ಲ ಹೊಳೆಯುತ್ತಿವೆ, ಇದೊಂದು ಪೆಟ್ಟಿಗೆ ತೆರೆದರೆ ಒಳಗೆ ಕರ್ರಗೆ. "ದೇವರ ಮುಂದೆ ಹಾಗೇ ಇಡೋಕೆ ಮನಸ್ಸು ಒಪ್ಪಲಿಲ್ಲ ಕಣೇ," ಎಂದರು. ಯಜಮಾನರು ಕಾರ್ಖಾನೆಗೆ ಹೋದ ಮೇಲೆ ತಲೆಪಿನ್ನಿನಿಂದ ಒಂದೊಂದೇ ಚಿಪ್ಪು ಎಬ್ಬಿಸಿ, ತಟ್ಟೆಯಲ್ಲಿ ಚಕ್ಕುಲಿ ಜೋಡಿಸಿದಂತೆ ಸಾಲಾಗಿಟ್ಟು, ಹುಣಸೆಹಣ್ಣು ಉಪ್ಪು ಹಾಕಿ ಕಾಲುಜ್ಜಿ, ನೀರಲ್ಲಿ ಅದ್ದಿ, ಬಿಸಿಲಿಗಿಟ್ಟು, ಇದ್ದಲ್ಲೇ ವಾಪಸ್ ಕೂರಿಸಿದ್ದರು. ಸಾಕೆಟ್ಟುಗಳನ್ನೂ ಅದೇ ಹುಳಿಯಲ್ಲಿ ಅದ್ದಿದ ಹಳೇ ಟೂತ್ ಬ್ರಷ್ಷಿನಿಂದ ಉಜ್ಜಿದ್ದರು. ಚಿಪ್ಪುಗಳನ್ನು ನೀರಿಗೆ ಅದ್ದಬಹುದಿತ್ತು, ಸಾಕೆಟ್ಟುಗಳು ಅಂಟಿಕೊಂಡ ಬೋರ್ಡನ್ನು ಅದ್ದುವಂತಿರಲಿಲ್ಲ. ಹುಳಿ ತೂತಿನಲ್ಲೇ ಉಳಿಯಿತು. ಆಮೇಲೆ ಶುರುವಾದ ಜಡಿಮಳೆಯ ತೇವಕ್ಕೆ ಕಿಲುಬು ಹಿಡಿಯಿತು. ಚಿಪ್ಪು ತೆಗೆದು ಹಾಕಿದಾಗಲೆಲ್ಲ ಕಾಲು ಕಿಲುಬನ್ನು ಕೆರೆದು ಕೊಂಚ ಹೊತ್ತು ಸರಿಹೋಗುತ್ತಿತ್ತು. ನನ್ನ ಒಂದು ದಿನದ ಬ್ಯಾಗಿನ ಗುಟ್ಟು ಅದೇ.

ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಗಿರಿಜಮ್ಮನವರು ನಗಲಿಲ್ಲ. ಮದುವೆಯಾದ ಹೊಸದರಲ್ಲಿ ಕೂದಲೆಳೆಯ ದಪ್ಪ ಅಳೆಯುವ ಯಜಮಾನರ ಮೈಕ್ರೋಮೀಟರಿಗೆ ಕೊಬ್ಬರಿ ಎಣ್ಣೆ ಹಚ್ಚಿದ್ದರಂತೆ. ಅಂದಿನಿಂದ ಕಾಫಿಗೆ ಬಂದವರಿಗೆಲ್ಲ ಯಜಮಾನರು ಮೊದಲು ಹೇಳುವ ಕಥೆ ಅದೇ ಅಂತೆ. ಬಂದವರು ನಗುತ್ತಾರೆ, ಇವರು ಕಾಫಿ ತಟ್ಟೆ ಹಿಡಿದು ನಿಂತಿರಬೇಕು. "ಬೈದ್ರೆ ಬೈಸ್ಕೋತೀನಿ ಪದ್ಮಾ. ಆ ನಗು ಮಾತ್ರ ಇನ್ನೊಂದು ಸಲ ನನ್ನ ಕೈಲಾಗಲ್ಲ. ಯಾರಿಗೂ ಹೇಳಬೇಡ," ಎಂದರು.

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಕೊಟ್ಟ ಮೇಲೆ ನೆನಪಾಯಿತು, ಕಾರಣ ಹೇಳದೆ ಬ್ಯಾಗು ಇಲ್ಲ.

ಮರುದಿನ ಹೊಸ ಸಾಕೆಟ್ಟುಗಳನ್ನು ತಂದೆ. ಹಳೆಯವನ್ನೆಲ್ಲ ಬೆಸುಗೆ ಬಿಡಿಸಿ ತೆಗೆದು, ಬೋರ್ಡನ್ನು ಸ್ಪಿರಿಟ್ಟಿನಿಂದ ತೊಳೆದು, ಹೊಸವನ್ನು ಕೂರಿಸಿದೆ. ಗಿರಿಜಮ್ಮನವರು ಟಾರ್ಚು ಹಿಡಿದು ಪಕ್ಕದಲ್ಲೇ ನಿಂತಿದ್ದರು, ನಡುನಡುವೆ ನನ್ನ ಬಾಯಿಗೆ ಕೋಡುಬಳೆ ಇಡುತ್ತಿದ್ದರು. ಅದರ ಮರುದಿನ ಪರೀಕ್ಷೆ ಬೆಳಿಗ್ಗೆಯಿಂದ ಸಂಜೆವರೆಗೆ ಓಡಿತು. ಒಂದು ಖಾನೆಯೂ ಸುಳ್ಳು ಹೇಳಲಿಲ್ಲ. ಇಬ್ಬರೂ ಕೈ ಕೈ ಹಿಡಿದು ನಡುಮನೆಯಲ್ಲಿ ಗಿರಗಿರ ತಿರುಗಿದೆವು. ಆಗ ಚಂದ್ರಶೇಖರಯ್ಯನವರು ಒಳಗೆ ಬಂದು, ಪರದೆ ನೋಡಿ, ಮಳೆ ನಿಂತು ವೋಲ್ಟೇಜು ಸರಿಹೋಗಿದೆ, ನಾನು ಮೊದಲೇ ಹೇಳಿದ್ದೆ ಎಂದರು. ನಾವಿಬ್ಬರೂ ಹೌದೌದು ಎಂದೆವು.

ಮರುದಿನ ಟೀ ಹೊತ್ತಿನಲ್ಲಿ ಎದ್ದು ನಿಂತು, ಸಾಕೆಟ್ ಕಿಲುಬು ಹಿಡಿದಿತ್ತು ಎಂದೆ. ಮನೆಯೊಳಗಿದ್ದ ಸಾಕೆಟ್ಟಿಗೆ ಇಷ್ಟು ಬೇಗ ಕಿಲುಬು ಯಾಕೆ ಎಂದು ಶೇಷಗಿರಿ ಸಾರ್ ಕೇಳಿದರು. ಇಲಿ ಉಚ್ಚೆ ಹೊಯ್ದಿತ್ತು ಅಂದುಬಿಡು ಎಂದು ಮುನಿರಾಜು ಹಿಂದಿನಿಂದ ಪಿಸುಗುಟ್ಟಿದ. ಆ ಫಳಫಳ ಮನೆಯಲ್ಲಿ ಇಲಿ ಇತ್ತು ಎಂದರೆ ಗಿರಿಜಮ್ಮನವರಿಗೆ ಹುಣಸೆಹಣ್ಣಿಗಿಂತ ದೊಡ್ಡ ಅವಮಾನ. "ಗೊತ್ತು ಸಾರ್, ಆದ್ರೆ ಹೇಳಲ್ಲ," ಎಂದೆ. ಶೆಡ್ಡಿನಲ್ಲಿ ಅಂಥ ಮಾತು ಯಾರೂ ಆಡಿರಲಿಲ್ಲ. ಶೇಷಗಿರಿ ಸಾರ್ ನನ್ನನ್ನೇ ನೋಡಿ, ಹಾಗಾದರೆ ಬ್ಯಾಗು ಮೊಳೆಯ ಮೇಲೇ ಇರಲಿ ಎಂದರು. ಬಸ್ಸಿನಲ್ಲಿ ಕಿಟಕಿಗೆ ಮುಖ ತಿರುಗಿಸಿಕೊಂಡು ಮನೆ ತಲುಪುವವರೆಗೆ ಅತ್ತೆ.

ರಾಜ್ಯೋತ್ಸವದ ಸಂಜೆ ಕಾಲೊನಿಯ ಮೈದಾನದಲ್ಲಿ ಹಳದಿ ಕೆಂಪು ಬಾವುಟಗಳು, ಶಾಮಿಯಾನ, ಮೈಕಿನ ಕೀರಲು. ನಮ್ಮ ಶೆಡ್ಡಿನವರೆಲ್ಲ ಹೋಗಿದ್ದೆವು. ಚಂದ್ರಶೇಖರಯ್ಯನವರು ಹೊಸ ಪಂಚೆಯುಟ್ಟು ಕೀಲಿ ಒತ್ತಿದರು. ಟಿವಿಯ ಮೇಲೆ ಬಿಳಿ ಚುಕ್ಕಿಗಳಲ್ಲಿ ಕನ್ನಡ ಒಂದೊಂದೇ ಅಕ್ಷರವಾಗಿ ಮೂಡುತ್ತಾ ಸಾಲಾಗಿ ಸರಿಯಿತು. ಒಂದು ಚುಕ್ಕಿಯೂ ಅಲುಗಲಿಲ್ಲ. ಜನ ಕುರ್ಚಿಗಳ ಮೇಲೆ ಹತ್ತಿ ನಿಂತು ಕೂಗಿದರು. ಕಬ್ಬಿಣ ಕಡೆಯುವ ಲೇತ್ ಯಂತ್ರದ ಮೇಲೆ ಜೀವ ಸವೆಸಿದ ಹಿರಿಯರೊಬ್ಬರು ತಮ್ಮ ಹೆಸರನ್ನೂ ಬರೆಸಿಕೊಂಡು ಪರದೆಗೆ ಕೈಮುಗಿದರು. ನನ್ನ ಕಣ್ಣು ತುಂಬಿಬಂತು. ಬ್ಯಾಗು ಹೋದರೆ ಹೋಗಲಿ ಎಂದು ಅವತ್ತು ನಿಜವಾಗಿ ಅನ್ನಿಸಿತು.

ಭಾವನವರು ಮೈಕು ಹಿಡಿದು ವೋಲ್ಟೇಜಿನ ವಿಷಯ ಮಾತಾಡಲು ಶುರುಮಾಡಿದರು. ಆಗ ಹೆಂಗಸರ ಸಾಲಿನಿಂದ ಗಿರಿಜಮ್ಮನವರು ಎದ್ದರು. ಬ್ಯಾಗಿನ ಸಂಗತಿಯನ್ನು ಅವರ ತಮ್ಮ ಮಧ್ಯಾಹ್ನದ ಊಟಕ್ಕೆ ಕೂತಾಗ ಬಾಯಿಬಿಟ್ಟಿದ್ದರೆಂದು ನನಗೆ ಆಮೇಲೆ ತಿಳಿಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ವೇದಿಕೆ ಹತ್ತಿ, ಗಂಡನ ಕೈಯಿಂದ ಮೈಕು ತೆಗೆದುಕೊಂಡರು.

"ವೋಲ್ಟೇಜೂ ಇಲ್ಲ, ಎಂಥದೂ ಇಲ್ಲ. ಹಬ್ಬಕ್ಕೆ ನಾನೇ ಅದನ್ನ ಹುಣಸೆಹಣ್ಣು ಹಾಕಿ ತೊಳೆದಿದ್ದು. ಆ ಹುಡುಗಿ ಬಾಯಿಬಿಡಲಿಲ್ಲ. ಶೇಷು, ಕಾರಣ ಕೇಳ್ದೆಯಲ್ಲ, ಇದೇ ಕಾರಣ. ಅವಳ ಬ್ಯಾಗು ಅವಳಿಗೆ ಕೊಡು," ಎಂದರು.

ಮೈದಾನ ಬಿದ್ದು ಬಿದ್ದು ನಕ್ಕಿತು. ಅವರು ಅಷ್ಟು ಹೆದರಿದ್ದ ನಗು ನೂರು ಪಟ್ಟಾಗಿ ಎದುರಿಗೆ ಬಂದಿತ್ತು. ಆದರೂ ಅವರು ವೇದಿಕೆ ಇಳಿಯಲಿಲ್ಲ. ಚಂದ್ರಶೇಖರಯ್ಯನವರು ಮಾತ್ರ ನಗಲಿಲ್ಲ. ಹೆಂಡತಿಯ ಮುಖವನ್ನೇ ನೋಡುತ್ತಾ, ಮೈಕು ಪಕ್ಕದಲ್ಲೇ ಇರುವುದನ್ನು ಮರೆತು ಕೇಳಿದರು.

"ಗಿರಿಜಾ, ಅಷ್ಟೂ ಚಿಪ್ಪು ನೀನೇ ತೆಗೆದು ನೀನೇ ಹಾಕಿದ್ಯಾ? ಒಂದೂ ತಿರುಗಾಮುರುಗಾ ಆಗಲಿಲ್ವಾ?"

"ಕಚ್ಚು ಎಲ್ಲ ಒಂದೇ ಕಡೆ ಇತ್ತಲ್ಲ, ಹಾಗೇ ಹಾಕ್ದೆ," ಎಂದರು ಗಿರಿಜಮ್ಮ.

"ನಾನೇ ಎರಡು ಸುಟ್ಟಿದೀನಲ್ಲೇ," ಎಂದರು ಫೋರ್‌ಮನ್ ಸಾಹೇಬರು.

ಮೈಕಿನಲ್ಲಿ ಅದು ಮೈದಾನದ ಕೊನೆಯವರೆಗೂ ಕೇಳಿಸಿತು. ಈ ಸಲ ನಗು ಬೇರೆ ಥರ ಇತ್ತು, ಗಿರಿಜಮ್ಮನವರೂ ಅದರಲ್ಲಿ ಸೇರಿಕೊಂಡರು. ನಾನೂ ಒಂದು ಸುಟ್ಟಿದ್ದೇನೆ ಎಂದು ಕೂತಲ್ಲಿಂದಲೇ ಕೂಗಿದೆ. ಆಮೇಲೆ ಆ ಮನೆಗೆ ಕಾಫಿಗೆ ಹೋದಾಗಲೆಲ್ಲ ಯಜಮಾನರು ಹೇಳುತ್ತಿದ್ದದ್ದು ಈ ಕಥೆಯನ್ನೇ. ಕೊಬ್ಬರಿ ಎಣ್ಣೆಯ ಕಥೆ ನಾನು ಅವರ ಬಾಯಲ್ಲಿ ಕೇಳಲೇ ಇಲ್ಲ.

ಬ್ಯಾಗು ಬಂತು. ಒಳಗೆ ಮುನಿರಾಜು ಒಂದು ಉಂಡೆ ಹುಣಸೆಹಣ್ಣು ಇಟ್ಟಿದ್ದ. ಮೊದಲ ಕೆಲಸ ಹೊಸೂರು ರಸ್ತೆಯ ಹೆಬ್ಬಗೋಡಿಯ ಒಂದು ಕಾರ್ಖಾನೆಯ ಆಫೀಸಿನಲ್ಲಿ. ಅಲ್ಲೂ ಇದೇ ಗೋಳು, ಯಂತ್ರ ನಡುನಡುವೆ ತಪ್ಪು ಹೇಳುತ್ತಿತ್ತು. ಬಸ್ಸಿನಲ್ಲಿ ಹೆಗಲ ಮೇಲಿನ ಬ್ಯಾಗನ್ನೇ ನೋಡಿಕೊಳ್ಳುತ್ತಾ ಕೂತು, ಹೆಬ್ಬಗೋಡಿ ದಾಟಿ ಚಂದಾಪುರದಲ್ಲಿ ಇಳಿದು, ವಾಪಸ್ ಇನ್ನೊಂದು ಬಸ್ಸು ಹಿಡಿದೆ. ಆಫೀಸಿನವರು ಊಟಕ್ಕೆ ಹೋಗಿದ್ದರು. ನೆಲ ಒರೆಸುತ್ತಿದ್ದ ಒಬ್ಬ ಅಕ್ಕ ಮಾತ್ರ ಇದ್ದಳು. ನಾನು ಯಂತ್ರದ ಕಡೆ ನೋಡದೆ ಮೊದಲು ಅವಳನ್ನೇ ಕೇಳಿದೆ, ಹಬ್ಬಕ್ಕೆ ಇದನ್ನು ತೊಳೆದಿರಾ ಎಂದು.

"ಅಯ್ಯೋ, ತೊಳೆಯೋದಾ? ನೀರು ಸೋಕಿಸಿಲ್ಲ ಕಣಮ್ಮ," ಎಂದಳು. "ದಿನಾ ದೇವರ ಪಟಕ್ಕೆ ಹಚ್ಚೋ ಎಣ್ಣೆ ದೀಪ ಅದರ ನೆತ್ತಿ ಮೇಲೆ ಇಡ್ತೀವಿ, ಅಷ್ಟೇ."

ನೋಡಿದೆ. ಪೆಟ್ಟಿಗೆಯ ಮೇಲಿನ ಗಾಳಿಕಿಂಡಿಗಳ ತುಂಬಾ ಎಣ್ಣೆ ಇಳಿದಿತ್ತು. ಜಿಪ್ಪು ಬಿಚ್ಚುವ ಮೊದಲೇ ಕಾರಣ ಸಿಕ್ಕಿಬಿಟ್ಟಿತ್ತು. ಬ್ಯಾಗನ್ನು ಹೆಗಲಿನಿಂದ ಇಳಿಸಿ, ಆ ಅಕ್ಕನ ಪಕ್ಕ ಒದ್ದೆ ನೆಲದ ಮೇಲೆಯೇ ಕೂತು, ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.